ಕುದುರೆಗೆ ಸೊನ್ನೆ ಅಂಕ

ಅರ್ಜಿಯಲ್ಲಿ ಖಾಲಿ ಬಿಟ್ಟ ಜಾಗ ಕಂಡರೆ ನನಗೆ ಸಮಾಧಾನವಿರುವುದಿಲ್ಲ. ಹೆಣ್ಣು ನೋಡಲು ಹೋದಾಗ ಜಾತಕದಲ್ಲಿ ಬಿಟ್ಟುಹೋಗಿದ್ದ ತಾರೀಕನ್ನು ಪೆನ್ನು ತೆಗೆದು ತುಂಬಿಸಿದವನು ನಾನು. ಆ ಹೆಣ್ಣೇ ಈಗ ನನ್ನ ಹೆಂಡತಿ, ಇವತ್ತಿಗೂ ಅದನ್ನೆತ್ತಿ ಹಂಗಿಸುತ್ತಾಳೆ. ಆದರೆ ಈ ಚಟದಿಂದ ಒಬ್ಬರ ಅನ್ನಕ್ಕೆ ಕಲ್ಲು ಹಾಕುತ್ತೇನೆಂದು ನಾನು ಎಣಿಸಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸದು. ತುಮಕೂರಿನ ಸಣ್ಣ ಉದ್ಯಮದವರು ಪರಿಸರಕ್ಕೆ ತೊಂದರೆಯಾಗದಂತೆ ಸರಕು ಸಾಗಿಸುತ್ತಾರೋ ಇಲ್ಲವೋ ನೋಡಿ ಅಂಕ ಕೊಡುವ ಕೆಲಸ ನಮ್ಮ ಕಚೇರಿಗೆ ಬಂತು. ಒಳ್ಳೆಯ ಅಂಕ ಬಂದರೆ ದೊಡ್ಡ ಅಂಗಡಿಗಳ ಆರ್ಡರ್ ಸಿಗುತ್ತದೆಂದು ಸುದ್ದಿಯಿತ್ತು. ನನ್ನ ಪಾಲಿಗೆ ಮರಳೂರಿನ ರಂಗಸ್ವಾಮಿಯವರ ಪುರಿ ಭಟ್ಟಿ, ಅಂದರೆ ಮಂಡಕ್ಕಿ ಹುರಿಯುವ ಜಾಗ, ಬಿತ್ತು. ಅಲ್ಲಿ ಗೌಸ್ ಸಾಬರು ಎಷ್ಟೋ ವರ್ಷಗಳಿಂದ ತಮ್ಮ ಕುದುರೆ ಗಾಡಿಯಲ್ಲಿ ಪುರಿ ಮೂಟೆಗಳನ್ನು ಬಟವಾಡಿ ಬಡಾವಣೆಯ ಅಂಗಡಿಗಳಿಗೆ ಹಾಕಿ, ಮಿಕ್ಕಿದ್ದನ್ನು ಗುಬ್ಬಿ, ಕುಣಿಗಲ್ ಬಸ್ಸುಗಳ ಟಾಪಿಗೆ ಏರಿಸುತ್ತಿದ್ದರು. ಬಸ್ಸು ಹೇಗೂ ಹೋಗುವುದೇ, ಪುರಿ ಭಾರವೂ ಅಲ್ಲ. ಸಂಜೆ ಖಾಲಿ ಚೀಲಗಳು ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದವು.

ಬೆಂಗಳೂರಿನಿಂದ ಬಂದ ನಮೂನೆಗೆ ಇದೊಂದೂ ಗೊತ್ತಿರಲಿಲ್ಲ. ಸ್ವಂತ ವಾಹನ ಎಷ್ಟು? ಇಲ್ಲ, ಸೊನ್ನೆ. ಚೀಲಗಳ ಕಸವನ್ನು ಹೇಗೆ ವಿಲೇವಾರಿ ಮಾಡುತ್ತೀರಿ? ಕಸವೇ ಇಲ್ಲ, ಸೊನ್ನೆ. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇದೆಯೇ? ಇಲ್ಲಿ ನಾನು ಸ್ವಲ್ಪ ತಡವರಿಸಿದೆ. ಕುದುರೆ ಹುಲ್ಲು ತಿನ್ನುತ್ತಾ ನಿಂತಿತ್ತು. ಗೌಸ್ ಸಾಬರು ಕೊಟ್ಟ ಬಿಸಿ ಪುರಿ ನನ್ನ ಬಾಯಲ್ಲೇ ಇತ್ತು. ಆದರೂ ಖಾಲಿ ಬಿಡುವುದು ಹೇಗೆ? 'ಇಲ್ಲ' ಎಂದು ಬರೆದು ಸೊನ್ನೆ ಸುತ್ತಿದೆ.

ರಂಗಸ್ವಾಮಿಯವರು ಹೆದರಿಬಿಟ್ಟರು. ತಿಂಗಳೊಳಗೆ ಟೆಂಪೋ ಬಂತು, ಅದರ ಗಾಜಿಗೆ ಸರ್ಟಿಫಿಕೇಟೂ ಅಂಟಿತು. ಎರಡನೇ ಸಲ ನಾನೇ ಹೋಗಿ ಕೈತುಂಬ ಅಂಕ ಕೊಟ್ಟೆ. ಒಂದು ಜಾಗವನ್ನೂ ಖಾಲಿ ಬಿಟ್ಟಿಲ್ಲವೆಂದು ಸಾಹೇಬರು ನನ್ನನ್ನು ಹೊಗಳಿದರು.

ಅದಾಗಿ ಸುಮಾರು ದಿನದ ಮೇಲೆ ಬಟವಾಡಿಯಲ್ಲಿ ಗೌಸ್ ಸಾಬರು ಸಿಕ್ಕರು. ಕುದುರೆ ಮಾರಿ, ಯಾವುದೋ ಕ್ಲಿನಿಕ್ಕಿನ ಬಾಗಿಲು ಕಾಯುತ್ತಿದ್ದರು. ನನಗೆ ತಲೆ ತಪ್ಪಿಸಿಕೊಂಡು ಹೋಗಬೇಕೆನಿಸಿತು. ಅವರೇ ಹತ್ತಿರ ಬಂದು ಮಕ್ಕಳನ್ನೆಲ್ಲ ವಿಚಾರಿಸಿದರು. ಆಮೇಲೆ ಮೆಲ್ಲಗೆ, "ಸಾರ್, ಆ ಹೊಗೆ ಸರ್ಟಿಫಿಕೇಟು ಬೇಕು ಅಂತ ನಂಗೊಂದ್ ಮಾತು ಹೇಳಿದ್ರೆ, ನಾನೇ ಕುದ್ರೆ ಹಿಡ್ಕೊಂಡ್ ಹೋಗಿ ಮಾಡಿಸ್ಕೊಂಡ್ ಬರ್ತಿದ್ದೆ ಕಣ್ ಸಾರ್," ಎಂದರು.

ಕುದುರೆಗೆ ಅದನ್ನು ಕೊಡುವುದಿಲ್ಲ ಎಂದೆ.

"ಮತ್ತೆ ಯಾಕ್ ಸಾರ್ ಕೇಳಿದ್ರಿ?"

ಅವರಿಗೆ ಕೋಪವಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ. ಆಫೀಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಸ್ಕೂಟರಿನ ಕಿಕ್ ಒದ್ದೆ. ಅದು ಬಿಟ್ಟ ಹೊಗೆಗೆ ಗೌಸ್ ಸಾಬರು ಕೆಮ್ಮುತ್ತಾ ಮೂಗಿಗೆ ಟವೆಲ್ ಹಿಡಿದರು. ನನ್ನ ಸ್ಕೂಟರಿಗೆ ಸರ್ಟಿಫಿಕೇಟ್ ಇದೆ.