ಮುಳ್ಳಿಗೆ ಅಂಜದ ಕಾಲು

ಸಕ್ಕರೆ ಕಾಯಿಲೆಯನ್ನು ಬರೀ ವಾದ ಮಾಡಿಯೇ ಸೋಲಿಸಿದವರು ಯಾರಾದರೂ ಇದ್ದರೆ ಅದು ನಮ್ಮ ಕಾಕಾ! ಅಪ್ಪನ ತಮ್ಮ, ಬೈಲಹೊಂಗಲದ ಪೇಟೆಯಲ್ಲಿ ಆಯುಷ್ಯವೆಲ್ಲ ಬೆಲ್ಲದ ವ್ಯಾಪಾರ ಮಾಡಿದ ಮನುಷ್ಯ. ಡಾಕ್ಟರು ಸಕ್ಕರೆ ಬಿಡಿ ಎಂದ ದಿನದಿಂದ ಚಹಾಕ್ಕೆ ಒಂದು ಕಾಳು ಸಕ್ಕರೆ ಹಾಕಿಸಿಕೊಂಡಿಲ್ಲ. ಬೆಲ್ಲ ಹಾಕಿಸಿಕೊಳ್ಳುತ್ತಾರೆ!

"ಅಲ್ರಿ, ಬೆಲ್ಲಾನೂ ಸಿಹೀನ ಅಲ್ಲೇನ್ರಿ?" ಎಂದು ಅವರ ಹೆಂಡತಿ, ನಮ್ಮ ಕಾಕು, ಹಣೆ ಬಡಿದುಕೊಂಡರೆ ಉತ್ತರ ಸಿದ್ಧ: "ಬ್ಯಾನಿ ಹೆಸರೇನು? ಸಕ್ರಿ ಬ್ಯಾನಿ. ಬೆಲ್ಲದ ಬ್ಯಾನಿ ಅಂತ ಯಾರರೆ ಅಂದದ್ದ ಕೇಳಿಯೇನು? ಸುಮ್ನ ನಮ್ಮ ಮಾಲಿನ ಹೆಸರ ಕೆಡಸಬ್ಯಾಡ!"

ಹೀಗೆ ವರ್ಷಗಳು ಹೋದವು. ಕನ್ನಡಕದ ಗಾಜು ದಪ್ಪವಾಗುತ್ತ ಬಂತು. ಪೇಪರಿನ ಅಕ್ಷರ ಮಸುಕಾದಾಗ, "ಛಾಪಖಾನಿಯವರು ಶಾಯಿ ಉಳಸಾಕ ಹತ್ಯಾರ" ಎಂದು ತೀರ್ಪು ಕೊಟ್ಟರು. ನಾವು ನಕ್ಕೆವು. ನಗದೆ ಇನ್ನೇನು ಮಾಡುವುದು?

ಹೋದ ಬೇಸಿಗೆಯಲ್ಲಿ ಕಾಕಾ ಮತ್ತು ನಾನು ಉಗರಗೋಳಕ್ಕೆ, ಅವರ ಮಗಳ ಮನೆಗೆ ಹೋದೆವು. ಸವದತ್ತಿಯಲ್ಲಿ ಬಸ್ಸು ಬದಲಿಸಿ, ಉಗರಗೋಳದಲ್ಲಿ ಇಳಿದು, ಉರಿಬಿಸಿಲಲ್ಲಿ ನಡೆದು ಮಗಳ ಹೊಸ್ತಿಲಿಗೆ ಬಂದಾಗ ಕಾಕಾನ ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ!

"ಅಪ್ಪಾ, ಇನ್ನೊಂದ ಚಪ್ಪಲ್ ಎಲ್ಲೈತಿ?" ಮಗಳು ಕೇಳಿದಳು.

ಕಾಕಾ ಬಗ್ಗಿ ಕಾಲು ನೋಡಿಕೊಂಡರು. "ಹಿಂದ ಬರಾಕ ಹತ್ತಿರಬೇಕು" ಎಂದರು.

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಕಾಲಿಗೆ ನೀರು ಹಾಕುವಾಗ ನಾನು ನೋಡಿದೆ: ಹಿಮ್ಮಡಿಯಲ್ಲಿ ಜಾಲಿ ಮುಳ್ಳು ಬುಡದವರೆಗೆ ಇಳಿದಿತ್ತು. ಕಿತ್ತರೆ ರಕ್ತ ಬಂತು, ಕಾಕಾ ಹಾಂ ಎನ್ನಲಿಲ್ಲ, ಹೂಂ ಎನ್ನಲಿಲ್ಲ. "ನೋಡಲೇ, ಮುಳ್ಳು ಸೈತ ನನಗ ಅಂಜತೈತಿ!" ಎಂದರು. ಅಂಜಿದ್ದು ಮುಳ್ಳಲ್ಲ, ನಾನು.

ಊರಿಗೆ ಬಂದವನೇ ಒಬ್ಬನೇ ಹೋಗಿ ಡಾಕ್ಟರನ್ನು ಕೇಳಿದೆ. ಅವರು ನಗಲಿಲ್ಲ. "ನೋವಾಗಲಿಲ್ಲ ಅಂದ್ರ ಛಲೋ ಆತಂತ ತಿಳಕೋಬ್ಯಾಡ್ರಿ. ವರ್ಷಗಟ್ಟಲೆ ರಕ್ತದಾಗ ಸಕ್ರಿ ಏರಿ ಕಾಲಿನ ನರ ಸತ್ತಾವು. ಕಣ್ಣು, ಕಿಡ್ನಿ ಎಲ್ಲಾ ಅದ ಹಾದಿ ಹಿಡೀತಾವು. ಇನ್ನ ಗಾಯ ಆದ್ರ ಗೊತ್ತಾಗೂದಿಲ್ಲ, ಲಗೂನ ಮಾಯೂದಿಲ್ಲ. ಕೊಳತ್ರ ಕಾಲ ತಗೀಬೇಕಾಗತೈತಿ. ಕರಕೊಂಡ ಬರ್ರಿ."

ಕಾಲು ತೆಗೆಯುವುದು! ಅಂದಿನಿಂದ ನಾನು ಕಾಕಾನ ಮುಖ ನೋಡಿ ಮಾತಾಡಿದ್ದೇ ಇಲ್ಲ, ಪಾದ ನೋಡಿಯೇ ಮಾತು. ಅವರ ಕಾಲ ಬಳಿ ಯಾರಾದರೂ ಬಿಸಿ ಬೋಗುಣಿ ಇಟ್ಟರೆ ಓಡಿ ಹೋಗಿ ದೂರ ಸರಿಸುತ್ತಿದ್ದೆ. ದವಾಖಾನೆಗೆ ಕರೆದರೆ, "ನೋವಿಲ್ಲದ ಕಾಲು ತೋರಿಸಿ ಮಂದಿ ಮುಂದ ನಗೆಪಾಟಲ ಆಗ್ಲೇನು?" ಎನ್ನುತ್ತಿದ್ದರು. ಈ ವಾದಕ್ಕೆ ನೀವಾದರೂ ಏನು ಹೇಳುತ್ತೀರಿ?

ಅಷ್ಟರಲ್ಲಿ ದಸರೆ ಬಂತು. ಬನ್ನಿ ಎಲೆ ಕೊಟ್ಟು ಹಿರಿಯರ ಕಾಲು ಮುಟ್ಟುವುದು ನಮ್ಮ ಕಡೆಯ ಪದ್ಧತಿ. ಪಾದಕ್ಕೆ ಕೈ ತಾಗಿದ ಕೂಡಲೇ ಬೆನ್ನ ಮೇಲೆ ಧಪ್ಪೆಂದು ಗುದ್ದಿ, "ಬಂಗಾರದಂಗ ಬಾಳಲೇ!" ಎಂದು ಒದರುವುದು ಕಾಕಾನ ಆಶೀರ್ವಾದ. ಚಿಕ್ಕಂದಿನಿಂದಲೂ ನಾವೆಲ್ಲ ಬೆನ್ನು ಗಟ್ಟಿ ಮಾಡಿಕೊಂಡೇ ಬಾಗುತ್ತಿದ್ದೆವು.

ಅವರ ಕೈಗೆ ಬನ್ನಿ ಇಟ್ಟು ಬಾಗಿದೆ. ಕಾಕಾ ಬಾಗಿಲ ಕಡೆ ತಿರುಗಿ ಯಾರನ್ನೋ ಮಾತಾಡಿಸುತ್ತಿದ್ದರು. ಎರಡೂ ಕೈಗಳನ್ನು ಅವರ ಪಾದಗಳ ಮೇಲಿಟ್ಟು, ಬೆನ್ನು ಗಟ್ಟಿ ಮಾಡಿಕೊಂಡು ಕಾದೆ. ಗುದ್ದು ಬೀಳಲಿಲ್ಲ.

"ಏನಲೇ, ಬರೇ ಬನ್ನಿ ಕೊಟ್ಟಿ? ಕಾಲು ಮುಟ್ಟಾಕ ಸೊಂಟ ಬಗ್ಗವಲ್ದೇನು?" ಎನ್ನುತ್ತ ಈಚೆ ತಿರುಗಿ, ಕೆಳಗೆ ನೋಡಿದರು. ನನ್ನ ಕೈಗಳು ಇನ್ನೂ ಅಲ್ಲೇ ಇದ್ದವು.

ಕಾಕಾ ಅಂಜಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇನ್ನೊಮ್ಮೆ ಮುಟ್ಟಪಾ" ಎಂದರು ಸಣ್ಣ ದನಿಯಲ್ಲಿ. "ಈ ಸಲ ನೋಡಕೋತ ಕುಂಡ್ರತೇನಿ."

ಮುಟ್ಟಿದೆ. ಬೆನ್ನ ಮೇಲೆ ಅವರ ಕೈ ಬಂತು. ಗುದ್ದಲಿಲ್ಲ, ಸುಮ್ಮನೆ ಅಲ್ಲೇ ಕೂತಿತು.

"ನಾಳಿ ದವಾಖಾನಿ ತಗದಿರತೈತೇನಲೇ?" ಎಂದು ಕೇಳಿದರು.