ತೇವದ ಮೀಟರಿಗೆ ರಮ್ಮಿನ ಸ್ನಾನ

ಬೆಸುಗೆ ಹಾಕುವುದನ್ನು ಕಲಿತವನ ಕಣ್ಣಿಗೆ ಮನೆಯ ಯಾವ ವಸ್ತುವೂ ನೆಟ್ಟಗಿರುವಂತೆ ಕಾಣುವುದಿಲ್ಲ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಈ ಹುಚ್ಚು ಹತ್ತಿತು. ಟಾರ್ಚು, ಗೋಡೆ ಗಡಿಯಾರ, ಪಕ್ಕದ ಮನೆಯವರ ರಿಮೋಟು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿದೆ. ಕೆಲವು ಮತ್ತೆ ಕೂಡಿಕೊಂಡವು. ನನ್ನ ಹೆಂಡತಿ ಬೊಳ್ಳಮ್ಮ ಇದನ್ನೆಲ್ಲ ಸಹಿಸಿಕೊಂಡಿದ್ದು ಒಂದೇ ಷರತ್ತಿನ ಮೇಲೆ: ಕಾಫಿಗೆ ಸಂಬಂಧಪಟ್ಟ ಯಾವುದನ್ನೂ ನಾನು ಮುಟ್ಟಕೂಡದು. ತೋಟ ನೋಡಿಕೊಳ್ಳುವವಳು ಅವಳು, ನಾನಲ್ಲ.

ಆದರೆ ಈ ಸಲ ಕಾಫಿ ಒಣಗುತ್ತಿದ್ದಾಗಲೇ ಅವಳ ತೇವದ ಮೀಟರಿನ ಒಂದು ತಂತಿ ಕಿತ್ತುಬಂತು. ಒಂದು ಹಿಡಿ ಕಾಫಿ ಹಾಕಿದರೆ ಅದರಲ್ಲಿ ತೇವ ಎಷ್ಟಿದೆ ಎಂದು ತೋರಿಸುವ ಪುಟ್ಟ ಯಂತ್ರ ಅದು. ಕೊಳ್ಳಲು ಬರುವ ವ್ಯಾಪಾರಿ ಪ್ರತಿ ವರ್ಷವೂ ತನ್ನದೇ ಮೀಟರಿಟ್ಟು, "ಇನ್ನೂ ಹಸಿ ಉಂಟಲ್ಲ ಅಮ್ಮ" ಎಂದು ರಾಗ ಎಳೆಯುತ್ತಿದ್ದ. ಅವನ ಬಾಯಿ ಮುಚ್ಚಿಸಲೆಂದೇ ಬೊಳ್ಳಮ್ಮ ಅದನ್ನು ತಂದಿದ್ದಳು. ಬೇರೆ ದಾರಿಯಿಲ್ಲದೆ ನನ್ನ ಕೈಗೆ ಕೊಟ್ಟಳು. ನಾನು ತಂತಿಗೆ ಬೆಸುಗೆ ಹಾಕಿದೆ, ಮೀಟರು ಎದ್ದು ಕೂತಿತು, ನಾನೂ ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ.

ಮೂರನೆಯ ಬೆಳಿಗ್ಗೆ ಮಂಜು ಕವಿದಿತ್ತು. ಕಣದ ಕಾಫಿ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನುತ್ತಿದೆ, ಮೀಟರು ಮಾತ್ರ ಈಗಷ್ಟೇ ಹೊಳೆಯಿಂದ ಎತ್ತಿ ತಂದದ್ದು ಎನ್ನುತ್ತಿದೆ! ಬಿಸಿಲೇರಿದರೆ ಸರಿ, ಮಂಜು ಬಂದರೆ ಸುಳ್ಳು. ಬೊಳ್ಳಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ನಾಳಿದ್ದು ವ್ಯಾಪಾರಿಯ ಜೀಪು ಬರ್ತದೆ. ಅಷ್ಟರೊಳಗೆ ಇದು ಸರಿಯಾಗ್ಲಿಲ್ಲಾಂದ್ರೆ ನಿಮ್ಮ ಬೆಸುಗೆ ಸಾಮಾನೆಲ್ಲ ಅಟ್ಟ ಸೇರ್ತದೆ, ನೋಡಿ."

ಹೆದರಿಕೆಯ ಜೊತೆಗೆ ನನಗೆ ಕುತೂಹಲವೂ ಹುಟ್ಟಿತು. ಭೂತಗನ್ನಡಿ ಹಿಡಿದು ನೋಡಿದರೆ ಬೆಸುಗೆಯ ಸುತ್ತ ಕಂದು ಬಣ್ಣದ ಅಂಟು. ಉಗುರಲ್ಲಿ ಕೆರೆದೆ, ಮೂಸಿದೆ, ಮರದ ರಾಳದ ವಾಸನೆ. ಮೊಬೈಲಿನಲ್ಲಿ ಹುಡುಕಿದಾಗ ಗೊತ್ತಾಯಿತು, ಇದಕ್ಕೆ ಫ್ಲಕ್ಸ್ ಎನ್ನುತ್ತಾರೆ. ಬೆಸುಗೆ ಚೆನ್ನಾಗಿ ಹಿಡಿಯಲು ಅದು ಬೇಕು, ಹಿಡಿದ ಮೇಲೆ ಬೇಡ. ಹಾಗೇ ಬಿಟ್ಟರೆ ಕೆಲವು ಸಲ ಗಾಳಿಯ ತೇವ ಹೀರಿ ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಕರೆಂಟಿಗೆ ತಪ್ಪು ಹಾದಿ ತೋರಿಸುತ್ತದೆ. ಅಂದರೆ ತೇವ ಅಳೆಯುವ ಯಂತ್ರಕ್ಕೇ ತೇವ ಹಿಡಿದಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆಯಬೇಕಂತೆ. ಹತ್ತಿರದ ಅಮ್ಮತ್ತಿ ಪೇಟೆಯಲ್ಲಿ ವಿಚಾರಿಸಿದೆ, ಗೋಣಿಕೊಪ್ಪಲಿನಲ್ಲಿ ನೋಡಿ ಎಂದರು.

ದಾರಿಯಲ್ಲಿ ಸಿಕ್ಕಿದ ನೆರೆಮನೆಯ ಮಾದಪ್ಪಣ್ಣನಿಗೆ, ಅವರು ಫೌಜಿನಲ್ಲಿ ಸುಬೇದಾರರಾಗಿದ್ದವರು, ವಿಷಯ ಹೇಳಿದೆ. ಅವರಿಗೆ ಅವಮಾನವೇ ಆಯಿತು.

"ಆಲ್ಕೋಹಾಲಿಗೆ ಗೋಣಿಕೊಪ್ಪಲಿಗೆ ಹೋಗೋದಾ ಮಾರಾಯ? ಕೊಡಗಿನಲ್ಲಿ ಹುಟ್ಟಿ ಹೀಗೆ ಹೇಳ್ಲಿಕ್ಕೆ ನಾಚಿಕೆ ಆಗಲ್ವಾ ನಿಂಗೆ?"

ಹತ್ತೇ ನಿಮಿಷದಲ್ಲಿ ಮಿಲಿಟರಿ ಕ್ಯಾಂಟೀನಿನ ರಮ್ಮಿನ ಬಾಟಲಿ ನನ್ನ ಮೇಜಿನ ಮೇಲಿತ್ತು. ನಮ್ಮ ಕಡೆ ಶೀತಕ್ಕೂ ಅದೇ, ಮೈಕೈ ನೋವಿಗೂ ಅದೇ, ನೆಂಟರು ಬಂದರೂ ಅದೇ, ಹೋದರೂ ಅದೇ. ಬೋರ್ಡಿಗೆ ಮಾತ್ರ ಯಾಕಾಗಬಾರದು? ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಭಕ್ತಿಯಿಂದ ತಿಕ್ಕಿದೆ. ಫ್ಲಕ್ಸ್ ಅಲ್ಲಾಡಲಿಲ್ಲ. ಅರ್ಧದಷ್ಟು ನೀರು, ಜೊತೆಗೆ ಬಣ್ಣ, ಸಿಹಿ ಇರುವ ರಮ್ಮು ಅದರ ಮೇಲೆ ತನ್ನದೂ ಒಂದು ಅಂಟು ಬಳಿದು ಕೂತಿತು. ಸಂಜೆ ಹೊತ್ತಿಗೆ ಇರುವೆಗಳು ಸಾಲಾಗಿ ಬಂದವು.

"ಮೀಟರಿಗೂ ಕುಡಿಸಿದ್ರಾ?" ಎಂದು ಬೊಳ್ಳಮ್ಮ ಕೇಳಿದಳು. ನನಗೆ ನಿಜಕ್ಕೂ ಅಳು ಬರುವಂತಾಯಿತು.

ಮರುದಿನ ಮೊದಲ ಬಸ್ಸಿಗೆ ಗೋಣಿಕೊಪ್ಪಲಿಗೆ ಹೋಗಿ ಅಸಲಿ ಬಾಟಲಿ ತಂದೆ. ಚಳಿಯೆಂದು ಒಲೆಯ ಪಕ್ಕದಲ್ಲೇ ಮುಚ್ಚಳ ತಿರುಗಿಸಹೊರಟಿದ್ದೆ. ಬಾಟಲಿಯ ಮೇಲಿನ ಬೆಂಕಿಯ ಚಿತ್ರ ಕಂಡದ್ದೇ ಬೊಳ್ಳಮ್ಮ ನನ್ನನ್ನು ರಟ್ಟೆ ಹಿಡಿದು ಜಗಲಿಗೆ ಎಳೆದು ತಂದಳು. ಬೀಡಿ ಹಚ್ಚಿಕೊಂಡು ನೋಡಲು ಬಂದ ಮಾದಪ್ಪಣ್ಣನನ್ನು ಗೇಟಿನಾಚೆಯೇ ನಿಲ್ಲಿಸಿದಳು. ಬ್ಯಾಟರಿ ತೆಗೆದೆ, ಕೈಗವಸು ಹಾಕಿದೆ, ಆವಿ ಮೂಗಿಗೆ ಬಾರದಂತೆ ಗಾಳಿಗೆ ಬೆನ್ನು ಕೊಟ್ಟು ಕೂತೆ. ಮೊದಲ ಸಲ ತಿಕ್ಕಿ ಬಿಟ್ಟಾಗ ಬರೀ ಬಿಳಿ ಪೊರೆ ಉಳಿಯಿತು. ಕರಗಿದ ಅಂಟು ಎಲ್ಲಿಗೂ ಹೋಗದೆ ಅಲ್ಲೇ ಹರಡಿತ್ತು! ಎರಡನೆಯ ಸಲ ಅದು ಆರುವ ಮೊದಲೇ ಹತ್ತಿಬಟ್ಟೆಯಿಂದ ಒತ್ತಿ ತೆಗೆದೆ. ಹಸಿರು ಬೋರ್ಡು ತೊಳೆದಿಟ್ಟ ಎಲೆಯಂತೆ ಹೊಳೆಯಿತು. ಪೂರ್ತಿ ಒಣಗುವವರೆಗೆ ಬ್ಯಾಟರಿ ಹಾಕದೆ ಕಾಯುವುದೇ ಕಷ್ಟವಾಯಿತು.

ಮಾರನೆಯ ದಿನವೂ ಮಂಜು. ವ್ಯಾಪಾರಿ ತನ್ನ ಮೀಟರಿಟ್ಟು ರಾಗ ತೆಗೆದ. ಬೊಳ್ಳಮ್ಮ ತನ್ನದನ್ನು ಪಕ್ಕದಲ್ಲಿಟ್ಟಳು. ಕಾಫಿ ಒಣಗಿದೆ ಎಂದು ಅದು ಮಂಜಿನಲ್ಲೂ ಒಂದೇ ಮಾತು ಹೇಳಿತು. ಅವನು ಎರಡನ್ನೂ ನೋಡಿ, ಕೆಮ್ಮಿ, ಚೀಲ ಹೊರಿಸಿದ. ಬೊಳ್ಳಮ್ಮ ನನ್ನ ಕಡೆ ನೋಡಿ ನಕ್ಕಳು. ಅಂಥ ನಗು ನೋಡಿ ಬಹಳ ಕಾಲವಾಗಿತ್ತು.

ಬೆಸುಗೆ ಸಾಮಾನು ಅಟ್ಟ ಸೇರಲಿಲ್ಲ. ಆದರೆ ಉಳಿದ ಐಸೊಪ್ರೊಪೈಲನ್ನು ಅವಳು ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಈ ಊರಲ್ಲಿ ಬಾಟಲಿ ಕಂಡ್ರೆ ಒಳಗೆ ಎಂಥ ಉಂಟೂಂತ ಯಾರು ಕೇಳಿ ಸುರ್ಕೊಳ್ತಾರೆ? ಇದು ವಿಷ." ಒಪ್ಪಬೇಕಾದ ಮಾತೇ. ರಮ್ಮು ಮಾತ್ರ ಕಿಟಕಿಯ ಬಳಿ ಆರಾಮವಾಗಿ ನಿಂತಿದೆ.

ನಿನ್ನೆ ಮೆಲ್ಲಗೆ ಬೀರುವಿನ ಕೀಲಿಕೈ ಕೇಳಿದೆ.

"ಈಗ ಎಂಥ ಹಾಳು ಮಾಡಿದ್ರಿ?"

"ಏನೂ ಇಲ್ಲ" ಎಂದು ಬಿಚ್ಚಿ ಬೆಸುಗೆ ಹಾಕಿದ್ದ ಅವಳ ರೇಡಿಯೊವನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಕಿಟಕಿಯ ಬಳಿ ಸರಿದು ಒಂದಿಷ್ಟು ರಮ್ಮು ಸುರಿದುಕೊಂಡೆ. ಅದಕ್ಕೆ ಯಾರೂ ಏನೂ ಕೇಳಲಿಲ್ಲ.