ಮಾವನ ಸಂಗೀತ, ಅತ್ತೆಯ ಮಾತು

ನಮ್ಮ ಸೋದರಮಾವ ಮೂರು ಸಿನಿಮಾಗಳಿಗೆ ಸಂಗೀತ ಕೊಟ್ಟವರು ಎಂದರೆ ನೀವು ನಂಬಬೇಕು. ಅವರಿಗೆ ಸರಿಗಮದಲ್ಲಿ 'ಸ' ಕೂಡ ಬರುತ್ತಿರಲಿಲ್ಲ ಎಂದರೆ ಅದನ್ನೂ ನಂಬಬೇಕು!

ರಾಮನಗರದಲ್ಲಿ ಅವರದು ರೇಷ್ಮೆ ನೂಲು ತೆಗೆಯುವ ಕಸುಬು. ಬಿಸಿನೀರಿನಲ್ಲಿ ಗೂಡು ಕುದಿಯುವುದು, ಚರಕ ಕಿರುಗುಟ್ಟುವುದು ನಮಗೆಲ್ಲ ಬರೀ ಗಲಾಟೆ, ಮಾವನಿಗೆ ಸಂಗೀತ. ಅದನ್ನು ಹಿಡಿದಿಡಲು ಬೆಂಗಳೂರಿನಿಂದ ಹಳೆಯ ಟೇಪ್ ರೆಕಾರ್ಡರ್ ಒಂದನ್ನು ತಂದರು, ಒರಳುಕಲ್ಲಿನಷ್ಟು ಭಾರ. ಅದನ್ನು ಹೊತ್ತು ಬೆಟ್ಟಕ್ಕೂ ಹೋಗುತ್ತಿದ್ದರು. ಬಂಡೆ ಏನು ಹಾಡುತ್ತದೆ ಮಾವ ಎಂದರೆ, "ಬಿಸ್ಲಲ್ಲಿ ಕಾದಿರ್ತದಲ್ಲ, ಸಂಜೆ ತಣ್ಣಗಾಯ್ತಾ ಚಿಟ್ ಅಂತದೆ ಕಣ್ಲಾ. ಅದ್ಕೆ ಕಾಯ್ಬೇಕು" ಎನ್ನುತ್ತಿದ್ದರು. ಆ ಒಂದು 'ಚಿಟ್'ಗೆ ಮೂರು ಸಂಜೆ ಕಾದ ಪುಣ್ಯಾತ್ಮ!

ಈ ಸಂಗೀತಕ್ಕೆ ಇದ್ದ ಒಬ್ಬರೇ ಶತ್ರು ನಮ್ಮ ಅತ್ತೆ. ಆಕೆಯ ಬಾಯಿಗೆ ಬಿಡುವೆಂಬುದೇ ಇಲ್ಲ. ಟೇಪು ತಿರುಗುತ್ತಿರುವಾಗಲೇ ಒಳಗಿನಿಂದ, "ಏನ್ರೀ, ಮುದ್ದೆ ಆರೋಯ್ತದೆ ಬನ್ರೀ!" ಮಾವ ತಲೆ ತಲೆ ಚಚ್ಚಿಕೊಂಡು, ಆ ಮಾತು ಬಿದ್ದಿದ್ದ ತುಂಡನ್ನು ಬ್ಲೇಡಿನಿಂದ ಕತ್ತರಿಸಿ ಎಸೆದು, ಉಳಿದದ್ದನ್ನು ಅಂಟಿಸುತ್ತಿದ್ದರು. ಎಸೆದದ್ದನ್ನು ಅತ್ತೆ ಬಿಡುವರೇ? ಹಿತ್ತಿಲಿನ ಸೊಪ್ಪಿನ ಮಡಿಗೆ ಅಡ್ಡಡ್ಡ ಕಟ್ಟುವರು. "ನನ್ ಮಾತ್ಗೆ ನೀವಂತೂ ಹೆದ್ರಲ್ಲ, ಗುಬ್ಬಿಗಳಾದ್ರೂ ಹೆದರ್ಲಿ!"

ಬಂಡೆಗಳ ನಡುವೆ ಶೂಟಿಂಗಿಗೆ ಬಂದಿದ್ದ ನಿರ್ದೇಶಕರೊಬ್ಬರು ಮಾವನ ಟೇಪುಗಳನ್ನು ಕೇಳಿ ಮಾವನನ್ನು ಮದರಾಸಿಗೆ ಕರೆದೊಯ್ದರು. ಮೊದಲ ಚಿತ್ರ ಚನ್ನಪಟ್ಟಣದ ಟೆಂಟಿಗೆ ಬಂದಾಗ ಮನೆಮಂದಿಯೆಲ್ಲ ಹೋದೆವು. ಗಂಡನನ್ನು ಕಳೆದುಕೊಂಡ ನಾಯಕಿ ಒಬ್ಬಳೇ ಕೂತಿದ್ದಾಳೆ, ಹಿನ್ನೆಲೆಯಲ್ಲಿ ನಮ್ಮ ಚರಕ ಕಿರ್ರ್, ಕಿರ್ರ್! ಹಿಂದಿನಿಂದ ಒಬ್ಬ ಕೂಗಿದ: "ಲೇ ಆಪರೇಟ್ರೂ, ಮಿಷನ್ಗೆ ಒಸಿ ಎಣ್ಣೆ ಬುಡ್ಲಾ!"

ಟೆಂಟಿಗೆ ಟೆಂಟೇ ನಕ್ಕಿತು. ಅತ್ತೆ ದಡಕ್ಕನೆ ಎದ್ದು ನಿಂತರು. "ಮಿಷನ್ನಲ್ಲ ಕಣಪ್ಪ, ನಮ್ಮನೆ ಚರಕ ಅದು! ನಮ್ ಯಜಮಾನ್ರ ಮ್ಯೂಜಿಕ್ಕು!" ಮಾವ ತಲೆ ತಗ್ಗಿಸಿ ಕೂತಿದ್ದರು. ಅವತ್ತು ಅವರ ಪರವಾಗಿ ಮಾತಾಡಿದ್ದು ಅದೊಂದೇ ಬಾಯಿ.

ನಾಲ್ಕನೆಯ ಚಿತ್ರದ ನಿರ್ಮಾಪಕರು ಹಾಡು ಕೇಳಿದರು. ಮಾವ ಕೆರೆ ಒಣಗುವ ಸದ್ದು ಕೊಟ್ಟರು! "ಇದಕ್ಕೆ ಹೀರೋ ಹೇಗ್ರೀ ಕುಣಿಯೋದು?" ಎಂದರೆ, "ಕುಣಿಯೋದ್ಯಾಕೆ, ಕೂತ್ಕೊಂಡು ಕೇಳ್ಲಿ" ಎಂದರಂತೆ. ಮದರಾಸಿನ ಋಣ ಅಲ್ಲಿಗೆ ತೀರಿತು. ಅದರ ಮಾರನೆಯ ವರ್ಷ ಅತ್ತೆಗೆ ಜ್ವರ ಬಂತು. ನಾಲ್ಕೇ ದಿನ. ಹೋಗಿಬಿಟ್ಟರು.

ತಿಥಿ ಮುಗಿದ ಮೇಲೆ ಮಾವ ಟೇಪುಗಳ ಟ್ರಂಕು ತೆಗೆದರು. ಹೆಂಡತಿಯ ದನಿಯನ್ನು ಒಂದೇ ಒಂದು ಸಲ ಕೇಳಬೇಕಿತ್ತು ಅವರಿಗೆ. ದಿನಗಟ್ಟಲೆ ಕೇಳಿದರು. ಗೂಡು ಕುದಿಯುವುದಿದೆ, ಬಂಡೆಯಿದೆ, ಎಮ್ಮೆ ಮೆಲುಕು ಹಾಕುವುದೂ ಇದೆ. ಅತ್ತೆಯ ಒಂದಕ್ಷರವಿಲ್ಲ. ಅಷ್ಟು ಶುದ್ಧವಾಗಿ ಕತ್ತರಿಸಿದ್ದರು ಮಹಾರಾಯರು! ಕೊನೆಗೆ ಹಿತ್ತಿಲಿಗೆ ಹೋಗಿ, ಸೊಪ್ಪಿನ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಅತ್ತೆ ಕಟ್ಟಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು. ಬಿಸಿಲು ಮಳೆ ತಿಂದ ಟೇಪು ಕೈಯಲ್ಲೇ ಪುಡಿಯಾಯಿತು. ನೋಡುತ್ತ ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೊಂದು ಭಾನುವಾರ ಹೋದಾಗ ಬಾಗಿಲಲ್ಲೇ ಹಿಡಿದುಕೊಂಡರು. "ಸಿಕ್ಬುಟ್ಳು ಕಣ್ಲಾ!"

ಟೇಪು ಹಾಕಿದರು. ಚರಕದ ಸದ್ದು. ನಡುವೆ ಮಾವನದೇ ದನಿ: "ಸುಮ್ಕಿರಮ್ಮಿ ಅತ್ಲಾಗೆ." ಮತ್ತೆ ಚರಕ. ಅಷ್ಟೇ.

"ಅತ್ತೆ ಮಾತಾಡೋದೇ ಇಲ್ವಲ್ಲ ಮಾವ?"

ಅವರು ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ಆ ಜಾಗ ಬಂದಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಕೇಳು, ಇಲ್ಲೇ ಅವ್ಳೆ. ನಾನಂದೆ ಅಂತ ಸುಮ್ಕವ್ಳೆ."